ನೀನು ಅಂದಿದ್ದಕ್ಕೆ

"ಮೂಗು ಯಾಕೆ ಮುಚ್ಕೊಂಡಿದೀಯೇ ಲೌಡಿ? ನಿಮ್ಮನೆ ಹಾಸಿಗೆಗಿಂತ ಇದು ಚೆನ್ನಾಗೇ ಇದೆ. ಬಿಚ್ಚು ಆ ಬಟ್ಟೆ."

ಸೂಪರ್‌ವೈಸರ್ ಇದನ್ನು ಹೇಳಿದ್ದು ಉದ್ದಕ್ಕನಿಗೆ. ಹೇಳುವಾಗ ಸೀಟಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಉಳಿದ ಹೊತ್ತಲ್ಲಿ ಅದು ಬಾಯಲ್ಲೇ ಇರುತ್ತಿತ್ತು. ಒಂದು ಸಲ ಊದಿದರೆ ಉದ್ದಕ್ಕ ಹೋಗಬೇಕು, ಎರಡು ಸಲಕ್ಕೆ ನಾನು, ಬಿಡದೆ ಊದಿದರೆ ಎಲ್ಲರೂ. ಬೆನ್ನ ಹಿಂದೆ ನಾವು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದೆವು.

ಉದ್ದಕ್ಕ ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏನೂ ಅನ್ನಲಿಲ್ಲ. ಆಗ ಇನ್ನೂ ಅನ್ನುತ್ತಿರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಐದು ಜನ ಹೆಂಗಸರು ಬಟ್ಟೆ ಒಗೆಯುತ್ತಿದ್ದೆವು. ಮೇಲಿನ ಮೂರು ಮಹಡಿಯ ಹೊದಿಕೆ, ಹಾಸು, ಡಾಕ್ಟರುಗಳ ಹಸಿರು ಅಂಗಿ ಎಲ್ಲವೂ ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ಬಂದು ನಮ್ಮ ಮುಂದೆ ಬೀಳುತ್ತಿತ್ತು. ರಕ್ತದ್ದು ಒಂದು ಗುಡ್ಡೆ, ಹೇಲು ಉಚ್ಚೆಯದ್ದು ಇನ್ನೊಂದು, ಬರೀ ಮಾಸಿದ್ದು ಮತ್ತೊಂದು. ರಕ್ತದ್ದಕ್ಕೆ ತಣ್ಣೀರು ಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಉದ್ದಕ್ಕ. ಗುಬ್ಬಿ ಎಂದು ನನಗೆ ಹೆಸರಿಟ್ಟವಳೂ ಅವಳೇ. ಅವಳ ಪಕ್ಕ ನಿಂತರೆ ನನ್ನ ತಲೆ ಅವಳ ಕಂಕುಳಿಗೆ ಬರುತ್ತದೆ.

ಅವತ್ತು ಆಪರೇಷನ್ ಕೋಣೆಯ ಹಾಸುಗಳನ್ನು ತೊಟ್ಟಿಯಲ್ಲಿ ಅದ್ದುತ್ತಿದ್ದೆ. ಅಂಗೈಗೆ ಏನೋ ಚುಚ್ಚಿತು. ಕೈ ಮೇಲೆತ್ತಿದರೆ ಹೆಬ್ಬೆರಳ ಬುಡದಲ್ಲಿ ಸೂಜಿ ನೆಟ್ಟಗೆ ನಿಂತಿತ್ತು. ಉದ್ದಕ್ಕ ಓಡಿ ಬಂದು ಕಿತ್ತಳು, ನಲ್ಲಿಯ ಕೆಳಗೆ ಕೈ ಹಿಡಿದು ಹಿಂಡಿದಳು. ಯಾರಿಗೆ ಚುಚ್ಚಿದ್ದೋ, ಯಾವ ಕಾಯಿಲೆಯೋ. ಆ ತಿಂಗಳು ಅದು ಮೂರನೇ ಸೂಜಿ.

ಅವಳು ಸೂಜಿಯನ್ನು ಹಿಡಿದುಕೊಂಡು ಸೀಟಿಯ ಮೇಜಿನ ಹತ್ತಿರ ಹೋದಳು. "ಗ್ಲೌಸ್ ಕೊಡಿಸಿ ಸಾರ್. ಎಷ್ಟು ಸಲ ಕೇಳೋದು."

"ಗ್ಲೌಸ್ ಹಾಕ್ಕೊಂಡು ಯಾವ ಡಾಕ್ಟರ ಪಕ್ಕ ನಿಂತ್ಕೋತೀಯ?"

"ಇವಳ ಕೈಗೆ ಚುಚ್ಚಿದೆ ಸಾರ್."

"ಚುಚ್ಚಿದ್ರೆ ಚುಚ್ಲಿ. ನಿಮ್ಮ ಚರ್ಮಕ್ಕೆ ಸೂಜಿನೇ ಬಗ್ಗತ್ತೆ. ಹೋಗು, ಕೆಲ್ಸ ನೋಡು."

ಅವಳು ಹೋಗಲಿಲ್ಲ. ಅವನು ಎದ್ದು ಬಂದು, ಗುಡ್ಡೆಯಿಂದ ಒಂದು ಒದ್ದೆ ಹಾಸನ್ನು ಕೋಲಿನಿಂದ ಎತ್ತಿ ಅವಳ ಮುಖಕ್ಕೆ ಬೀಸಿದ. ಅದು ರಕ್ತದ ಗುಡ್ಡೆಯದಲ್ಲ, ಇನ್ನೊಂದು ಗುಡ್ಡೆಯದು. ಅವಳು ನಿಧಾನವಾಗಿ ಅದನ್ನು ಮುಖದಿಂದ ಸರಿಸಿ, ಮಡಚಿ, ಮೇಜಿನ ಮೇಲೆ ಇಟ್ಟಳು. ಅವನ ಮೇಜಿನ ಮೇಲೆ, ಅವನ ಟೀ ಲೋಟದ ಪಕ್ಕದಲ್ಲಿ.

"ನೀನು ಒಂದ್ಸಲ ಆ ತೊಟ್ಟೀಲಿ ಕೈ ಹಾಕು," ಅಂದಳು. "ನೀನು ಹಾಕು. ಆಮೇಲೆ ನಾನು ಹಾಕ್ತೀನಿ."

ಹತ್ತೊಂಬತ್ತು ವರ್ಷ ಅವನಿಗೆ ನೀವು ಅಂದ ಬಾಯಿ ಅದು. ಬಾಯಿ ತಪ್ಪಿ ಬಂತು ಅನ್ನುವ ಹಾಗೂ ಇರಲಿಲ್ಲ, ಎರಡು ಸಲ ಅಂದಿದ್ದಳು. ಅವನು ಸೀಟಿಯನ್ನು ಬಾಯಿಗಿಟ್ಟ. ಊದಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಆಫೀಸಿನ ಗುಮಾಸ್ತ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೆಳಗಿಳಿದು ಬಂದ. ಕಂಕುಳಲ್ಲಿ ಒಂದು ಹಾಳೆ, ಕೈಯಲ್ಲಿ ಶಾಯಿಯ ಡಬ್ಬಿ. ಉದ್ದಕ್ಕ ಆಗ ಬಟ್ಟೆ ಹರವಲು ತಾರಸಿಗೆ ಹೋಗಿದ್ದಳು. ಅವಳು ಹೋಗುವುದನ್ನೇ ಕಾದಿದ್ದ ಎಂದು ಈಗ ಅನ್ನಿಸುತ್ತದೆ.

"ಏಯ್ ಹೆಬ್ಬೆಟ್ಟುಗಳಾ, ಸಾಲಾಗಿ ಬನ್ನಿ. ಗ್ಲೌಸ್ ಬರ್ತಿದೆ ನಿಮಗೆ. ಪಟ್ಟಿ ಮಾಡ್ತಿದೀವಿ."

ನಾನೇ ಮೊದಲು ಓಡಿದೆ. ಅಂಗೈ ಇನ್ನೂ ನೋಯುತ್ತಿತ್ತು. ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಸಾಲು ಸಾಲು ಇತ್ತು. ಗ್ಲೌಸಿಗೆ ಇಷ್ಟೊಂದು ಬರೆಯಬೇಕೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಆಫೀಸಿನವರು ಉಗುಳುವುದಕ್ಕೂ ನಾಲ್ಕು ಸಾಲು ಬರೆಯುತ್ತಾರೆ ಅಂದುಕೊಂಡು ಹೆಬ್ಬೆರಳು ಒತ್ತಿದೆ. ನನ್ನ ಹಿಂದೆ ಉಳಿದ ಮೂವರೂ ಒತ್ತಿದರು.

ಮತ್ತೆ ನಾಲ್ಕು ದಿನಕ್ಕೆ ಉದ್ದಕ್ಕನಿಗೆ ಕಾಗದ ಬಂತು. ತಂದವನು ಅದೇ ಗುಮಾಸ್ತ.

"ಏನಿಲ್ಲ, ಮಾಮೂಲಿ. ಇಲ್ಲೊಂದು ಸೈನ್ ಹಾಕು," ಅಂದ. ಉದ್ದಕ್ಕನಿಗೆ ತನ್ನ ಹೆಸರು ಬರೆಯಲು ಬರುತ್ತದೆ. ನಮ್ಮ ಐವರಲ್ಲಿ ಅವಳೊಬ್ಬಳಿಗೇ.

ಅವಳು ಪೆನ್ನು ಮುಟ್ಟಲಿಲ್ಲ. "ಮಾಮೂಲಿ ಆದ್ರೆ ನೀವ್ಯಾಕೆ ಸಾರ್ ಮೂಗು ಮುಚ್ಕೊಂಡು ಇಲ್ಲೀತನಕ ಬಂದ್ರಿ? ಸೀಟಿ ಊದಿ ಮೇಲೆ ಕರೀಬಹುದಿತ್ತಲ್ಲ."

"ಓದೋಕೆ ಬರಲ್ಲ, ಮಾತು ನೋಡು."

"ಓದೋಕೆ ಬರಲ್ಲ ಅಂತಲೇ ಕೇಳ್ತಿರೋದು. ಏನಿದೆ ಇದ್ರಲ್ಲಿ?"

"ವಿಚಾರಣೆ. ಸೋಮವಾರ. ಸೈನ್ ಮಾಡಿದ್ರೆ ಸುಲಭವಾಗಿ ಮುಗಿಯತ್ತೆ, ಇಲ್ದಿದ್ರೆ ನಿಂಗೇ ಕಷ್ಟ."

ಅವನು ಹೋದ ಮೇಲೆ ಕಾಗದ ನಮ್ಮ ಕೈಯಿಂದ ಕೈಗೆ ಹೋಯಿತು. ಹಂಡೆಯ ಬೆಂಕಿ ನೋಡುವವಳು ಎರಡು ದಿನ ಸಂಬಳವಿಲ್ಲದ ರಜೆ ಕೊಡುತ್ತಾರೆ ಅಂದಳು. ಇನ್ನೊಬ್ಬಳು ಉದ್ದಕ್ಕನ ಮನೆ ಹೋಗುತ್ತದೆ ಅಂದಳು. ಆಸ್ಪತ್ರೆಯ ಹಿಂದಿನ ಗೋಡೆಗೆ ಅಂಟಿಸಿದಂತೆ ಕಟ್ಟಿದ ಒಂದೊಂದು ಕೋಣೆಯ ಮನೆಗಳಲ್ಲಿ ನಾವೆಲ್ಲ ಇದ್ದೆವು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಉದ್ದಕ್ಕನ ಮನೆಯಲ್ಲಿ ಎದ್ದು ಓಡಾಡಲಾಗದ ಅತ್ತೆ ಇದ್ದಳು, ಹತ್ತನೇ ಕ್ಲಾಸಿನ ಮಗಳಿದ್ದಳು. ಗಂಡ ಇದ್ದೂ ಇರಲಿಲ್ಲ.

ಅವಳು ಕಾಗದ ತಿರುಗಿಸಿದಳು. ಹಿಂದೆ ಇನ್ನೊಂದು ಹಾಳೆಯನ್ನು ಪಿನ್ನು ಹಾಕಿ ಸೇರಿಸಿದ್ದರು. ಅದರ ಕೆಳಗೆ ನಾಲ್ಕು ಹೆಬ್ಬೆಟ್ಟು. ಮೊದಲನೆಯದರ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿ ಸೀಳಿದ ಬೆರಳು ಆ ಇಡೀ ನೆಲಮಾಳಿಗೆಯಲ್ಲಿ ಒಬ್ಬಳದೇ.

"ಕೈ ತೋರ್ಸು," ಅಂದಳು.

"ಅಕ್ಕ, ಅದು ಗ್ಲೌಸಿಗೆ ಅಂತ..."

"ಕೈ ತೋರ್ಸು ಅಂದೆ."

ತೋರಿಸಿದೆ. ನನ್ನ ಹೆಬ್ಬೆರಳನ್ನು ಹಾಳೆಯ ಪಕ್ಕ ಹಿಡಿದು ನೋಡಿದಳು. ಒಂದು ವಾರದ ಹಿಂದೆ ಸೂಜಿ ಕಿತ್ತ ಕೈಯೂ ಅದೇ. ಆಮೇಲೆ ಬಿಟ್ಟಳು. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ತಾರಸಿಗೆ ಹೋದಳು. ನಾವು ನಾಲ್ವರು ಕೆಳಗೆ ಉಂಡೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗ್ಲೌಸಿಗೆ ಅಂತ ಅಂದುಕೊಂಡಿದ್ದವಳು ನಾನೊಬ್ಬಳೇನಾ, ಉಳಿದವರಿಗೆ ಮೊದಲೇ ಗೊತ್ತಿತ್ತಾ ಎಂದು ನನಗೂ ಅನುಮಾನ ಹತ್ತಿತು. ಅವರಿಗೆ ನನ್ನ ಮೇಲೆ ಅದೇ ಅನುಮಾನ ಇದ್ದಿರಬೇಕು.

ಸಂಜೆ ತಡೆಯಲಾಗದೆ ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೂಲೆಯ ಮಂಚದಲ್ಲಿ ಅತ್ತೆ ಮಲಗಿದ್ದಳು. ಮಗಳು ನೆಲದ ಮೇಲೆ ಕೂತು ಆ ಇಂಗ್ಲಿಷ್ ಕಾಗದವನ್ನು ಬೆರಳಿಟ್ಟು ಓದುತ್ತಿದ್ದಳು. ನಾನು ಹೊಸಿಲ ಹೊರಗೇ ನಿಂತೆ.

"ದಿನಾಂಕ... ನೀವು, ಒಗೆಯುವ ವಿಭಾಗದ ಕೆಲಸಗಾರರು... ನಿಮ್ಮ ಮೇಲಧಿಕಾರಿಯ ವಿರುದ್ಧ..." ಒಂದೊಂದೇ ಪದಕ್ಕೆ ಅರ್ಥ ಹೇಳುತ್ತಾ ಬಂದವಳು ಒಂದು ಕಡೆ ನಿಂತಳು.

"ಮುಂದೆ?"

"ಗೊತ್ತಿಲ್ಲಮ್ಮ. ಕಷ್ಟದ ಪದ."

ಉದ್ದಕ್ಕ ಮಗಳ ಮುಖ ನೋಡಿದಳು. "ಗೊತ್ತಿಲ್ದಿರೋ ಪದ ನೋಡಿದ್ರೆ ಯಾರೂ ಹಂಗೆ ಕಿವಿ ಕೆಂಪು ಮಾಡ್ಕೊಳಲ್ಲ. ಏನಿದೆ ಹೇಳು. ನಾನು ಕದ್ದೆ ಅಂತ ಬರ್ದಿದಾರಾ?"

"ಇಲ್ಲಮ್ಮ."

"ಮತ್ತೆ? ಸೂಳೆ ಅಂತಾನಾ?"

"ಅಲ್ಲಮ್ಮ. ಡಿರಾಗಟರಿ. ಡಿರಾಗಟರಿ ಲ್ಯಾಂಗ್ವೇಜ್ ಅಂತ. ಅಂದ್ರೆ ಒಬ್ಬರನ್ನ ಕೀಳು ಮಾಡಿ, ಹಗುರವಾಗಿ ಮಾತಾಡೋದು. ನೀನು ಆ ಸೂಪರ್‌ವೈಸರ್‌ಗೆ ಹಂಗೆ ಮಾತಾಡ್ದೆ ಅಂತ. ಅದನ್ನ ನಾವು ಕೇಳಿದೀವಿ ಅಂತ ಹಿಂದಿನ ಹಾಳೇಲಿ ನಾಲ್ಕು ಜನ ಹೆಬ್ಬೆಟ್ಟು ಒತ್ತಿದಾರೆ."

ಉದ್ದಕ್ಕ ಕೇಳಿದಳು, "ಇಷ್ಟು ಚೆನ್ನಾಗಿ ಗೊತ್ತಿರೋದನ್ನ ಗೊತ್ತಿಲ್ಲ ಅಂದಿದ್ಯಾಕೆ?"

ಹುಡುಗಿ ಕಾಗದದ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕೂತಳು. ಹೋದ ತಿಂಗಳು ಶಾಲೆಯಲ್ಲಿ ಈ ಪದ ಬಂದಿತ್ತಂತೆ. ಯಾರಿಗೂ ಅರ್ಥವಾಗಲಿಲ್ಲವಂತೆ. ಟೀಚರು ಉದಾಹರಣೆ ಕೊಡಲು ಇವಳನ್ನು ಎದ್ದು ನಿಲ್ಲಿಸಿದರಂತೆ.

"ನೋಡಿ ಮಕ್ಕಳೇ, ಇವಳನ್ನ ನಾನು ಆಸ್ಪತ್ರೆ ಹೊಲಸು ತೊಳೆಯೋಳ ಮಗಳೇ ಅಂತ ಕರೆದ್ರೆ ಅದು ಡಿರಾಗಟರಿ. ಹಂಗೆಲ್ಲ ಕರೀಬಾರದು, ಅಂದ್ರು. ಎಲ್ರೂ ನಕ್ರು. ಈಗ್ಲೂ ಹಂಗೇ ಕರೀತಾರೆ."

"ನೀನೇನ್ ಮಾಡ್ದೆ?"

"ಬರ್ಕೊಂಡೆ. ಪರೀಕ್ಷೆಗೆ ಬರತ್ತೆ ಅಂದ್ರು."

ಅತ್ತೆ ಮಂಚದಲ್ಲಿ ಹೊರಳಿದಳು. ಉದ್ದಕ್ಕ ಮಗಳ ಕೈಯಿಂದ ಕಾಗದ ತೆಗೆದುಕೊಂಡು, "ಯಾವ್ದು ಆ ಪದ, ಬೆರಳಿಟ್ಟು ತೋರ್ಸು," ಅಂದಳು. ಹುಡುಗಿ ತೋರಿಸಿದಳು. ಉದ್ದಕ್ಕ ಅದನ್ನು ತುಂಬಾ ಹೊತ್ತು ನೋಡಿದಳು. ರಾತ್ರಿ ಹೊದ್ದು ಮಲಗುವ ಬಟ್ಟೆಯಲ್ಲಿ ಹೇನು ಹುಡುಕುವ ಹಾಗೆ ನೋಡಿದಳು.

"ಇನ್ನೊಂದ್ಸಲ ಹೇಳು."

"ಡಿ-ರಾ-ಗ-ಟ-ರಿ."

"ಡಿರಾಗಟರಿ," ಅಂದಳು ಉದ್ದಕ್ಕ. "ಅಲ್ಲಾ, ಇದಕ್ಕೆ ಒಂದು ಹೆಸರೇ ಇದೆಯಲ್ಲೇ. ಹತ್ತೊಂಬತ್ತು ವರ್ಷ ಆ ನನ್ಮಗ ನಮಗೆ ಮಾಡಿದ್ದಕ್ಕೆ ಇಂಗ್ಲಿಷಲ್ಲಿ ಹೆಸರಿದೆ. ಇವರಿಗೆಲ್ಲ ಗೊತ್ತು. ಗೊತ್ತಿದ್ದೂ ಒಂದಿನಾನೂ ಆ ಪದ ಆಚೆಗೆ ತೆಗೀಲಿಲ್ಲ. ನಾನು ಒಂದ್ಸಲ ನೀನು ಅಂದಿದ್ದಕ್ಕೆ ತೆಗೆದ್ರು."

ಆಮೇಲೆ ತಲೆ ಎತ್ತದೆ ಅಂದಳು, "ಹೊರಗೆ ನಿಂತ್ಕೊಂಡು ಕೇಳಿದ್ದು ಸಾಕು. ಒಳಗೆ ಬಾ."

ನಾನು ಗ್ಲೌಸಿನ ಕಥೆ ಪೂರ್ತಿ ಹೇಳಿದೆ. ಶಾಯಿ ಡಬ್ಬಿ, ಪಟ್ಟಿ, ಎಲ್ಲ. ಅಳು ಬಂತು. ಅವಳು ಕೇಳಿದ್ದು ಒಂದೇ ಮಾತು.

"ಗ್ಲೌಸ್ ಬಂತಾ?"

"ಇಲ್ಲಕ್ಕ."

"ಸರಿ."

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಹುಡುಗಿ ಮಾತ್ರ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಸೀಟಿ ನನ್ನನ್ನು ಊದದೆ ಕರೆದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ "ಬಾ ತಾಯಿ" ಅಂದ. ಆ ಒಂದು ಮಾತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನ ಬೈಗುಳಕ್ಕೆ ಯಾವತ್ತೂ ಹಾಗೆ ಸರಿದಿರಲಿಲ್ಲ.

"ಮೇಲೆ ಸಾಹೇಬರು ಕೇಳಿದ್ದಕ್ಕೆಲ್ಲ ಹೌದು ಅನ್ನು. ಅಷ್ಟೇ. ನಿನ್ನ ಕೈ ಹೆಂಗಿದೆ ಈಗ?" ಎಂದು ಕೇಳಿ ಜೇಬಿನಿಂದ ಹೊಸ ರಬ್ಬರ್ ಗ್ಲೌಸ್ ತೆಗೆದು ಕೊಟ್ಟ. ಒಂದೇ ಜೊತೆ. ಉಳಿದ ಮೂವರೂ ತೊಟ್ಟಿಯ ಆಚೆಯಿಂದ ನೋಡುತ್ತಿದ್ದರು. ಬೇಡ ಅನ್ನುವ ಧೈರ್ಯ ಬರಲಿಲ್ಲ, ಹಾಕಿಕೊಳ್ಳುವ ಧೈರ್ಯವೂ ಬರಲಿಲ್ಲ. ಸೋಪಿನ ಪೆಟ್ಟಿಗೆಯ ಮೇಲಿಟ್ಟು ಅವನ ಹಿಂದೆ ಮೆಟ್ಟಿಲು ಹತ್ತಿದೆ.

ಆಡಳಿತಾಧಿಕಾರಿಯ ಕೋಣೆಯಲ್ಲಿ ಗಾಜು ಹಾಸಿದ ಮೇಜು, ಅದರ ಹಿಂದೆ ಸಾಹೇಬರು. ಪಕ್ಕದ ಕುರ್ಚಿಯಲ್ಲಿ ಸೀಟಿ ಕೂತ. ಕಿಟಕಿಯ ಹತ್ತಿರ ಗುಮಾಸ್ತ ಕಂಪ್ಯೂಟರಿನ ಮುಂದೆ ಇದ್ದ. ಉದ್ದಕ್ಕನನ್ನು ನಡುವೆ ನಿಲ್ಲಿಸಿದ್ದರು. ನನ್ನನ್ನು ಸಾಕ್ಷಿ ಎಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಬೆಂಚಿಗೆ ಮೊದಲೇ ಹಳೆಯ ಪೇಪರು ಹಾಸಿದ್ದರು, ನಾನು ಕೂರುವಷ್ಟೇ ಅಗಲಕ್ಕೆ.

"ನೋಡಮ್ಮ," ಅಂದರು ಸಾಹೇಬರು, "ನಿನ್ನ ಮೇಲೆ ನಮಗೇನೂ ದ್ವೇಷ ಇಲ್ಲ. ಇಂಥ ದಿನ ಸೂಪರ್‌ವೈಸರ್‌ಗೆ ನೀನು ಅಂತ ಏಕವಚನದಲ್ಲಿ ಮಾತಾಡಿದೀಯ. ತೊಟ್ಟಿಗೆ ಕೈ ಹಾಕು ಅಂದಿದೀಯ. ಹೌದೋ ಅಲ್ವೋ?"

"ಹೌದು ಸಾರ್. ಅಂದೆ."

ಸಾಹೇಬರಿಗೆ ಹಗುರವಾಯಿತು. ಗುಮಾಸ್ತನ ಕಡೆ ಕೈ ಮಾಡಿದರು. "ಬರ್ಕೋ. ಒಪ್ಪಿಕೊಂಡಿದ್ದಾರೆ. ಸೈನ್ ಹಾಕಮ್ಮ, ಮೇಲಕ್ಕೆ ಕಳಿಸಿಬಿಡ್ತೀವಿ."

"ಒಂದು ಮಾತು ಸಾರ್. ಅದ್ರಲ್ಲಿ ಡಿರಾಗಟರಿ ಅಂತ ಬರ್ದಿದೀರಲ್ಲ. ಅದು ಯಾವ್ದಕ್ಕೆ? ನೀನು ಅಂದಿದ್ದಕ್ಕಾ, ಕೈ ಹಾಕು ಅಂದಿದ್ದಕ್ಕಾ?"

ಸಾಹೇಬರು ಕನ್ನಡಕ ತೆಗೆದರು. ಸೀಟಿ ಕುರ್ಚಿಯಲ್ಲಿ ಸರಿದು ಕೂತ.

"ಈ ಪದ ನಿನಗೆ ಯಾರು ಹೇಳಿಕೊಟ್ಟಿದ್ದು?"

"ಯಾಕೆ ಸಾರ್, ಗೊತ್ತಿರಬಾರದಿತ್ತಾ?"

"ಯಾವ ಸಂಘದವನು ಬಂದಿದ್ದ? ನಿಮ್ಮ ಹಿಂದೆ ಯಾರಿದಾರೆ?"

"ನನ್ನ ಮಗಳ ಟೀಚರು ಹೇಳಿಕೊಟ್ಟಿದ್ದು ಸಾರ್. ಉದಾಹರಣೆ ಸಮೇತ."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ನೋಡಿದರು, ಗುಮಾಸ್ತನ ಕಡೆ ನೋಡಿದರು. ಈ ಕೋಣೆಯಿಂದ ಯಾರೋ ಆ ಪದವನ್ನು ಕದ್ದು ಕೆಳಗೆ ಸಾಗಿಸಿದ್ದಾರೆ ಅನ್ನುವ ಹಾಗೆ ನೋಡಿದರು. ಗುಮಾಸ್ತ ತಲೆ ಬಗ್ಗಿಸಿದ.

"ಮೇಲಿನವರಿಗೆ ಏಕವಚನ ಬಳಸೋದು ಅವಮಾನ. ಅಷ್ಟೇ. ಅದಕ್ಕೆ ಆ ಪದ."

"ನೀವೂ ನಂಗೆ ನೀನು ಅಂತಿದೀರಲ್ಲ ಸಾರ್."

"ಅದು... ಪ್ರೀತಿಯಿಂದ ಅನ್ನೋದಮ್ಮ."

"ಹಂಗಾದ್ರೆ ನಾನೂ ಅವರಿಗೆ ಪ್ರೀತಿಯಿಂದಲೇ ಅಂದೆ. ಬರ್ಕೊಳ್ಳಿ."

ಗುಮಾಸ್ತನ ಬೆನ್ನು ಸ್ವಲ್ಪ ಅಲುಗಿತು. ಕೆಮ್ಮಿದನೋ ನಕ್ಕನೋ ಕಾಣಲಿಲ್ಲ. ಸೀಟಿ ಎದ್ದು ನಿಂತ. "ನೋಡಿದ್ರಾ ಸಾರ್, ಬಾಯಿ ಹೆಂಗಿದೆ? ಕೆಳಗೂ ಹಿಂಗೇ. ಈ ಜನಕ್ಕೆ..."

"ಕೂತ್ಕೊಳ್ಳಿ," ಅಂದರು ಸಾಹೇಬರು. ಅವರ ದನಿಯಲ್ಲಿ ಮೊದಲಿನ ನಯ ಇರಲಿಲ್ಲ. "ನಿನಗೆ ಹೇಳೋದೇನಾದ್ರೂ ಇದ್ರೆ ಬೇಗ ಹೇಳು."

ಉದ್ದಕ್ಕ ಹೇಳಿದಳು. ಕೋರ್ಟಿನಲ್ಲಿ ಓದಿದ ಹಾಗೆ, ದನಿ ಏರಿಸದೆ ಹೇಳಿದಳು. ಯಾವತ್ತು, ಯಾವ ತೊಟ್ಟಿಯ ಹತ್ತಿರ, ಯಾರಿಗೆ, ಏನು ಅಂದ. ಲೌಡಿ ಅಂದದ್ದು. ಹೊಲಸು ತಿನ್ನೋರಾ ಅಂದದ್ದು. ಒಬ್ಬಳು ತಿಂಗಳ ಮುಟ್ಟಿನ ನೋವಿಗೆ ಕೂತಾಗ ಅಂದದ್ದು, ಅದನ್ನು ನಾನು ಇಲ್ಲಿ ಬರೆಸುವುದಿಲ್ಲ, ಅವಳು ಅಲ್ಲಿ ಹೇಳಿದಳು. ಒಂದೊಂದು ಮಾತಿನ ಕೊನೆಗೂ ನಿಂತು ಸಾಹೇಬರನ್ನು ಕೇಳುತ್ತಿದ್ದಳು, "ಇದು ಡಿರಾಗಟರಿನಾ ಸಾರ್?" ಸಾಹೇಬರು ಗಾಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಿದ್ದರು. ಗುಮಾಸ್ತನ ಬೆರಳು ಓಡುತ್ತಿತ್ತು.

ಮುಗಿದ ಮೇಲೆ ಅವನು ಹಾಳೆ ತೆಗೆದು ಅವಳ ಮುಂದೆ ಹಿಡಿದ. ಇದು ಇಂಗ್ಲಿಷಿನಲ್ಲಿರಲಿಲ್ಲ, ನಮ್ಮ ಮಾತಿನಲ್ಲೇ ಇತ್ತು. ಆದರೂ ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

"ಓದಿ ಹೇಳಿ."

"ನೀ ಹೇಳಿದ್ದೇ ಇದೆ."

"ಇರ್ಲಿ. ಓದಿ."

ಗುಮಾಸ್ತ ಓದಿದ. "ಸದರಿ ಸೂಪರ್‌ವೈಸರ್ ಅವರು ಕೆಲವೊಮ್ಮೆ ಅವಾಚ್ಯ ಶಬ್ದಗಳನ್ನು ಬಳಸುತ್ತಾರೆಂದು ಆಪಾದಿತಳು ಹೇಳಿರುತ್ತಾಳೆ."

"ಮುಂದೆ?"

"ಅಷ್ಟೇ."

"ಅವಾಚ್ಯ ಅಂದ್ರೇನು?"

"ಬಾಯಲ್ಲಿ ಹೇಳಬಾರದ್ದು ಅಂತ."

"ಅವರು ಬಾಯಲ್ಲೇ ಹೇಳಿದ್ದು ಸಾರ್. ನಾನೂ ಈಗ ಬಾಯಲ್ಲೇ ಹೇಳ್ದೆ. ನಿಮ್ಮ ಮಷೀನಿಗೆ ಮಾತ್ರ ಬಾಯಿ ಬರಲ್ವಾ? ನಾನು ಅಂದಿದ್ದನ್ನ ಅಕ್ಷರ ಬಿಡದೆ ಬರ್ದಿದೀರಿ, ನೀನು ಅಂತ. ಅವರು ಅಂದಿದ್ದನ್ನೂ ಹಂಗೇ ಬರೀರಿ. ಆಗ ಸೈನ್ ಹಾಕ್ತೀನಿ."

"ಇಂಥದ್ದೆಲ್ಲ ಸರ್ಕಾರಿ ಫೈಲಲ್ಲಿ ಬರೆಯೋಕಾಗಲ್ಲ," ಅಂದರು ಸಾಹೇಬರು.

"ಹಂಗಾದ್ರೆ ಸೈನ್ ಇಲ್ಲ."

ಸಾಹೇಬರು ಗಡಿಯಾರ ನೋಡಿದರು. ಗುಮಾಸ್ತ ಎದ್ದು ಅವರ ಕಿವಿಯ ಹತ್ತಿರ ಬಗ್ಗಿದ. ಪಿಸುಮಾತೇ ಆದರೂ ಬಾಗಿಲವರೆಗೂ ಕೇಳಿಸಿತು. ಹೇಳಿಕೆ ಆಪಾದಿತಳ ಮಾತಿನಲ್ಲೇ ಇರಬೇಕು ಸಾರ್, ಸೈನ್ ಇಲ್ಲದೆ ಫೈಲು ಸಂಜೆಗೆ ಹೋಗಲ್ಲ, ವಾಪಸ್ ಬಂದರೆ ನಮ್ಮನ್ನೇ ಕೇಳ್ತಾರೆ. ಸಾಹೇಬರು ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿ, "ಸಾಕ್ಷಿನ ಮೊದಲು ಮುಗಿಸು," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ, ಸೂಪರ್‌ವೈಸರ್ ನಿನ್ನ ಹತ್ರ ಯಾವತ್ತಾದ್ರೂ ಕೆಟ್ಟದಾಗಿ ಮಾತಾಡಿದಾರಾ? ಇಲ್ಲ ತಾನೇ?"

ಸೀಟಿ ನನ್ನನ್ನೇ ನೋಡುತ್ತಿದ್ದ. ಉದ್ದಕ್ಕ ನೋಡಲಿಲ್ಲ. ಅವಳು ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಏನು ಹೇಳುತ್ತೇನೆ ಎಂದು ಅವಳಿಗೆ ಖಾತ್ರಿ ಇರಲಿಲ್ಲ. ನನಗೂ ಇರಲಿಲ್ಲ. ಎದ್ದು ನಿಂತೆ. ಕೂತಿದ್ದ ಪೇಪರು ಒದ್ದೆ ಬಟ್ಟೆಗೆ ಅಂಟಿಕೊಂಡು ಜೊತೆಗೇ ಎದ್ದಿತು.

"ನನ್ನ ಗಂಡ ಸತ್ತು ಐದನೇ ದಿನಕ್ಕೆ ಕೆಲಸಕ್ಕೆ ಬಂದೆ ಸಾರ್," ಅಂದೆ. "ಮೆಟ್ಟಿಲ ಹತ್ರಾನೇ ನಿಂತಿದ್ರು ಇವರು. ಗಂಡನ್ನ ತಿಂದು ತೇಗಿ ಬಂದ್ಯಾ ಬೇವರ್ಸಿ ಮುಂಡೆ, ಐದು ದಿನದ ಬಟ್ಟೆ ನಿಮ್ಮಪ್ಪ ಒಗೀತಾನಾ ಅಂದ್ರು. ನಾನು ಇವತ್ತಿನತನಕ ಯಾರಿಗೂ ಹೇಳಿಲ್ಲ. ಅಕ್ಕಂಗೂ ಹೇಳಿಲ್ಲ. ಬರ್ಕೊಳ್ಳಿ."

ಉದ್ದಕ್ಕ ಕಿಟಕಿಯಿಂದ ತಿರುಗಿದಳು.

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಹಾಳೆ ಎದ್ದೆದ್ದು ಬೀಳುತ್ತಿತ್ತು. ಗುಮಾಸ್ತ ಸಾಹೇಬರನ್ನು ನೋಡಿದ. ಅವರು ಬರಿ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಮೆಲ್ಲಗೆ ಕೀಲಿಗಳನ್ನು ಒತ್ತತೊಡಗಿದ. ಐದನೇ ದಿನ ಅಂತ ಒತ್ತಿದ, ಮೆಟ್ಟಿಲು ಅಂತ ಒತ್ತಿದ. ಒಂದು ಕಡೆ ಬೆರಳು ನಿಂತಿತು.

"ಬೇವರ್ಸಿನಾ, ಬೇವಾರ್ಸಿನಾ?" ಎಂದು ಕೇಳಿದ. "ನಡುವೆ ದೀರ್ಘ ಬರತ್ತಾ?"

"ನಂಗೆ ಬರೆದು ಗೊತ್ತಿಲ್ಲ ಸಾರ್," ಅಂದೆ. "ಕೇಳಿ ಗೊತ್ತು ಅಷ್ಟೇ. ಅಂದೋರು ಅಲ್ಲೇ ಕೂತಿದಾರೆ, ಅವರನ್ನ ಕೇಳಿ."

ಗುಮಾಸ್ತ ಕುರ್ಚಿಯನ್ನು ಸೀಟಿಯ ಕಡೆ ತಿರುಗಿಸಿದ. ಬೆರಳುಗಳನ್ನು ಕೀಲಿಗಳ ಮೇಲಿಂದ ತೆಗೆಯಲಿಲ್ಲ.

"ಹೇಳಿ ಸಾರ್," ಅಂದ.